ಥಂಡರ್ ಬೇಗೆ ಬರುವ ತಂಗಿಗೆ, ಹೂಡಿಯ ವಿಷಯ

ತಂಗಿ, ನೀರ್ಚಾಲಿನಿಂದ ಕೆನಡಾದ ಥಂಡರ್ ಬೇಗೆ ಓದಲಿಕ್ಕೆ ಬರುತ್ತಿದ್ದೇನೆ ಅಂತ ಬರೆದಿದ್ದಿ. ತುಂಬಾ ಖುಷಿಯಾಯಿತು. ನಾನು ಪೆರ್ಲದವಳು, ಇಲ್ಲಿಗೆ ಬಂದು 13 ವರ್ಷ ಆಯಿತು. ನಿನ್ನ ಜೊತೆ ರೂಮಲ್ಲಿ ಇರಲಿಕ್ಕಿರುವ ಹುಡುಗಿ ಈಗಲೇ ಗುಡ್ಡ ಹತ್ತಲಿಕ್ಕೆ ಕರೆದಿದ್ದಾಳೆ, ನವೆಂಬರಿನಲ್ಲಿ ಅವಳ ಮನೆಯವರ ಜೊತೆ ಜಿಂಕೆ ಬೇಟೆಗೂ ಬಾ ಅಂದಿದ್ದಾಳೆ, ಅದಕ್ಕೆ ಒಳ್ಳೆಯ ಹೂಡಿ (ಟೊಪ್ಪಿ ಸೇರಿಸಿ ಹೊಲಿದ ಅಂಗಿ) ಬೇಕಂತೆ. ಮಂಗಳೂರಲ್ಲೇ ತೆಗೆದುಕೊಳ್ಳಲಾ, ಯಾವುದು ಒಳ್ಳೆಯದು ಅಂತ ಕೇಳಿದ್ದಿ.

ಮಂಗಳೂರಲ್ಲಿ ಬೇಡ. ಅಲ್ಲಿ ಸಿಗುವುದು ಜಾಸ್ತಿ ಹತ್ತಿಯದ್ದು. ನಾನೂ ಹಾಗೆಯೇ ದಪ್ಪದ್ದೊಂದು ಹತ್ತಿ ಹೂಡಿ ತಂದಿದ್ದೆ. ಮೊದಲ ವರ್ಷ ಅಕ್ಟೋಬರಿನಲ್ಲಿ ಅದನ್ನೇ ಹಾಕಿಕೊಂಡು ಸ್ಲೀಪಿಂಗ್ ಜಯಂಟ್ ಗುಡ್ಡಕ್ಕೆ ಹೋದೆ. ಏರು ಹತ್ತುವಾಗ ಬೆವರಿಗೆ ಬೆನ್ನು ಚಂಡಿಯಾಯಿತು. ಮೇಲೆ ಮುಟ್ಟುವಾಗ ಸಣ್ಣ ಮಳೆ, ಜೊತೆಗೆ ಸುಪೀರಿಯರ್ ಸರೋವರದ ಗಾಳಿ. ಹತ್ತಿ ಬಟ್ಟೆ ನೀರು ಹೀರಿಕೊಂಡು ಮೈಗೆ ಅಂಟಿಕೊಂಡಿತು. ಚಾ ಕುಡಿಯೋಣ ಅಂತ ಫ್ಲಾಸ್ಕ್ ಹಿಡಿದರೆ ಮುಚ್ಚಳ ತಿರುಗಿಸಲಿಕ್ಕೆ ಬೆರಳು ಬರುತ್ತಿಲ್ಲ! ಜೊತೆಗಿದ್ದವಳು ನನ್ನ ಹೂಡಿ ಬಿಚ್ಚಿಸಿ, ತನ್ನ ಚೀಲದಲ್ಲಿದ್ದ ಉಣ್ಣೆಯ ಅಂಗಿ ತೊಡಿಸಿದಳು. ಕಾರಿಗೆ ಬಂದು ಕೂತ ಮೇಲೂ ನಡುಕ ನಿಲ್ಲಲಿಲ್ಲ. ಊರಲ್ಲಿ ಆಟಿಯ ಮಳೆಗೆ ತೋಟದಿಂದ ಚಂಡಿಯಾಗಿ ಬಂದರೆ ಬೈರಾಸಿನಲ್ಲಿ ತಲೆ ಒರೆಸಿ ಬಿಸಿ ಕಷಾಯ ಕುಡಿದರೆ ಆಯಿತು. ಇಲ್ಲಿನ ಚಂಡಿ ಬೇರೆ. ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲಿದ್ದರೂ ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಅದಕ್ಕೇ ಕಾಡಿಗೆ ಹತ್ತಿ ಬೇಡ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕ್ಲಾಸಿಗೆ ಹಾಕಲಿಕ್ಕೆ ಒಂದಿರಲಿ, ಸಾಕು.

ಮತ್ತೆ ಯಾವುದು? ಮೈಗೆ ತಾಗುವ ಪದರಕ್ಕೆ ಮೆರಿನೊ ಕುರಿಯ ಉಣ್ಣೆಯಷ್ಟು ಒಳ್ಳೆಯದು ಬೇರೆ ಇಲ್ಲ. ಒದ್ದೆಯಾದರೂ ಸ್ವಲ್ಪ ಬೆಚ್ಚಗೇ ಇರುತ್ತದೆ, ಎರಡು ಮೂರು ದಿನ ಹಾಕಿದರೂ ವಾಸನೆ ಕಡಿಮೆ. ಲೇಬಲಿನಲ್ಲಿ ಜಿಎಸ್‌ಎಂ ಅಂತ ಇರುತ್ತದೆ, ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಅಂತ. ನಡೆಯುವ ದಿನಕ್ಕೆ 150 ಇದ್ದರೆ ಸಾಕು. ಬೇಟೆಗೆ ಕೂತು ಕಾಯುವ ದಿನಕ್ಕೆ 250 ಬೇಕು. ಬೆಲೆ ಮಾತ್ರ ಜಾಸ್ತಿ. ಕೈಯಲ್ಲಿ ಹಣ ಕಡಿಮೆ ಇದ್ದರೆ ಪಾಲಿಯೆಸ್ಟರ್ ಫ್ಲೀಸ್ (ಉಣ್ಣೆಯ ಹಾಗೆ ಮೆತ್ತಗಿರುವ ಕೃತಕ ನೂಲಿನ ಬಟ್ಟೆ) ತೆಗೆದುಕೊ. ಥ್ರಿಫ್ಟ್ ಅಂಗಡಿಗಳಲ್ಲಿ ಹಳೆಯದು ಅಗ್ಗಕ್ಕೆ ಸಿಗುತ್ತದೆ, ಬೇಗ ಒಣಗುತ್ತದೆ. ಬೆಂಕಿಯ ಹತ್ತಿರ ಜಾಗ್ರತೆ ಅಷ್ಟೇ. ಒಂದು ಕಿಡಿ ಹಾರಿದರೆ ಫ್ಲೀಸ್ ಕರಗಿ ತೂತಾಗುತ್ತದೆ, ಉಣ್ಣೆ ಹಾಗೆ ಕರಗುವುದಿಲ್ಲ. ಇವೆರಡೂ ಗಾಳಿ ತಡೆಯುವುದಿಲ್ಲ, ಮೇಲೊಂದು ಗಾಳಿ ಮಳೆ ತಡೆಯುವ ಜಾಕೆಟ್ ಬೇಕೇ ಬೇಕು. ಬೇಟೆಗೆ ಹೋಗುವವರು ಅದರಲ್ಲೂ ಸರಬರ ಸದ್ದು ಮಾಡದ ಬಟ್ಟೆ ಹುಡುಕುತ್ತಾರೆ.

ಇನ್ನು ಹೂಡಿಯ ಟೊಪ್ಪಿ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ನಮ್ಮ ಅಜ್ಜಿ ಗದ್ದೆಯಲ್ಲಿ ನೇಜಿ ನೆಡುವಾಗ ಮಳೆಗೆ ಗೊರಬು ಹಾಕಿಕೊಳ್ಳುತ್ತಿದ್ದದ್ದು ನೆನಪುಂಟು. ತಲೆ, ಬೆನ್ನು ಎರಡೂ ಮುಚ್ಚುತ್ತದೆ, ಕೈ ಎರಡೂ ಖಾಲಿ. ಆದರೆ ಗೊರಬಿನ ಒಳಗಿದ್ದವರು ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಗದ್ದೆಯಲ್ಲಿ ಅದರಿಂದ ತೊಂದರೆ ಇಲ್ಲ. ಕಾಡಲ್ಲಿ ಉಂಟು. ಒಮ್ಮೆ ಪಕ್ಕದ ಮನೆಯವರು ಮೆಲ್ಲ ನನ್ನ ತೋಳು ಮುಟ್ಟಿ ಎಡಗಡೆ ನೋಡು ಅಂದರು. ತಲೆ ತಿರುಗಿಸಿದೆ, ಟೊಪ್ಪಿ ತಿರುಗಲಿಲ್ಲ. ನನಗೆ ಕಂಡದ್ದು ಟೊಪ್ಪಿಯ ಒಳಗಿನ ಬೂದು ಬಟ್ಟೆ. ನಾನು ಅದನ್ನು ಹಿಂದೆ ಸರಿಸುವಷ್ಟರಲ್ಲಿ ಮೂಸ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಮರಗಳ ನಡುವೆ ಹೋಗಿಯಾಗಿತ್ತು.

ಅಂಗಡಿಯಲ್ಲಿ ಹಾಕಿ ನೋಡುವಾಗ ಟೊಪ್ಪಿ ಏರಿಸಿ ಎಡಕ್ಕೆ, ಬಲಕ್ಕೆ ನೋಡು. ಅದೂ ಜೊತೆಗೆ ತಿರುಗಬೇಕು. ತೆಳುವಾಗಿ ತಲೆಗೆ ಅಂಟಿ ಕೂರುವಂಥದ್ದೇ ಒಳ್ಳೆಯದು, ಮೇಲೆ ಬೇರೆ ಟೊಪ್ಪಿಯೂ ಹಾಕಬಹುದು. ಕಿವಿ ಮುಚ್ಚಿಯೂ ಮಾತು ಕೇಳಿಸುತ್ತದಾ ನೋಡು. ಕುತ್ತಿಗೆಯ ಹತ್ತಿರ ಅರ್ಧ ಜಿಪ್ ಇದ್ದರೆ ಏರು ಹತ್ತುವಾಗ ಬಿಚ್ಚಿ ಬೆವರು ಆರಿಸಬಹುದು. ಹೊಟ್ಟೆಯ ಮೇಲೆ ದೊಡ್ಡ ಜೇಬು ಬೇಡ, ಬೆನ್ನುಚೀಲದ ಸೊಂಟದ ಪಟ್ಟಿ ಅದರ ಮೇಲೆಯೇ ಬರುತ್ತದೆ.

ಬೇಟೆಗೆ ಜೊತೆಗೆ ಹೋಗುವುದಾದರೆ ಇದೊಂದು ಮರೆಯಬೇಡ. ಥಂಡರ್ ಬೇ ಇರುವ ಒಂಟಾರಿಯೊ ಪ್ರಾಂತದಲ್ಲಿ ಜಿಂಕೆ, ಮೂಸ್ ಬಂದೂಕು ಬೇಟೆಯ ಸಮಯದಲ್ಲಿ ಬೇಟೆಗಾರರು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ ಹಾಕಲೇಬೇಕು ಅಂತ ಕಾನೂನು. ಸೊಂಟದ ಮೇಲೆ ಕನಿಷ್ಠ 400 ಚದರ ಇಂಚು, ಎಲ್ಲ ಕಡೆಯಿಂದಲೂ ಕಾಣಬೇಕು, ತಲೆಗೂ ಕಿತ್ತಳೆ ಟೊಪ್ಪಿ. ನಿನ್ನ ಕೈಯಲ್ಲಿ ಬಂದೂಕು ಇಲ್ಲದಿದ್ದರೂ ನೀನೂ ಹಾಕಿಕೋ. ಜನ ಎಲ್ಲಿ ತಪ್ಪುತ್ತಾರೆ ಅಂದರೆ, ಚಳಿಯಾದ ಕೂಡಲೇ ಕಪ್ಪು ಹೂಡಿಯನ್ನು ಕಿತ್ತಳೆ ಟೊಪ್ಪಿಯ ಮೇಲೆ ಎಳೆದುಕೊಳ್ಳುತ್ತಾರೆ. ಅಲ್ಲಿಗೆ ದೂರದಿಂದ ನೋಡುವವನಿಗೆ ನಿನ್ನ ತಲೆ ಕಾಣುವುದೇ ಇಲ್ಲ! ಹೂಡಿ ಒಳಗೆ, ಕಿತ್ತಳೆ ಮೇಲೆ. ಬೆನ್ನುಚೀಲ ಹಾಕಿದರೆ ಅದರ ಮೇಲೂ ಕಿತ್ತಳೆ ಬಟ್ಟೆ ಕಟ್ಟು.

ಕಿತ್ತಳೆ ಹಾಕಿದರೆ ಜಿಂಕೆ ಓಡುವುದಿಲ್ಲವಾ ಅಂತ ನಾನೂ ಕೇಳಿದ್ದೆ. ಅದರ ಕಣ್ಣಿಗೆ ಕಿತ್ತಳೆ, ಕೆಂಪು ನಮಗೆ ಕಾಣುವ ಹಾಗೆ ಕಾಣುವುದಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೆ ನೀಲಿ ಹೂಡಿ ಬೇಡ. ಬಿಳುಪು ಕೊಡುವ ಸೋಪಿನ ಪುಡಿಯ ಹೊಳಪೂ ಜಿಂಕೆಗೆ ಕಾಣುತ್ತದೆ ಅಂತ ಅದರಲ್ಲಿ ಬಟ್ಟೆ ಒಗೆಯುವುದಿಲ್ಲ ಇಲ್ಲಿನವರು.

ಬೇಟೆ ಅಂದರೆ ಮನೆಯಲ್ಲಿ ಅಮ್ಮ ಗಾಬರಿಯಾಗಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಬೇಟೆ ನಿಷೇಧ ಅಲ್ವಾ. ಇಲ್ಲಿ ತರಬೇತಿ, ಪರೀಕ್ಷೆ, ಲೈಸೆನ್ಸ್ ಎಲ್ಲ ಆಗಿಯೇ ಹೋಗುವುದು ಅಂತ ಹೇಳು. ಮನಸ್ಸಿಲ್ಲದಿದ್ದರೆ ಬರುವುದಿಲ್ಲ ಅನ್ನು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆಗಸ್ಟಿನಲ್ಲಿ ಬ್ಲೂಬೆರಿ ಕೊಯ್ಯಲಿಕ್ಕೆ ಹೋಗಬಹುದು, ಅದಕ್ಕೂ ಇದೇ ಬಟ್ಟೆ ಆಗುತ್ತದೆ.

ಬಂದ ವಾರವೇ ಏನೂ ತೆಗೆದುಕೊಳ್ಳಬೇಡ. ಮನೆಗೆ ಬಾ, ಒಟ್ಟಿಗೆ ಅಂಗಡಿಗೆ ಹೋಗೋಣ. ನನ್ನ ಹತ್ತಿರ ಕಿತ್ತಳೆ ವೆಸ್ಟ್ ಒಂದು ಹೆಚ್ಚಿಗೆ ಉಂಟು, ದೊಡ್ಡ ಸೈಜ್. ಎಷ್ಟು ದಪ್ಪ ಬಟ್ಟೆಯ ಮೇಲೂ ಕೂರುತ್ತದೆ. ಈ ನವೆಂಬರಿಗೆ ಅದನ್ನೇ ಹಾಕಿಕೋ.