ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಮನೆ ನೋಡುತ್ತಿದ್ದೇವೆ, ಮ್ಯಾಪ್ ತುಂಬಾ ಕಲುಷಿತ ಜಾಗಗಳ ಚುಕ್ಕೆ. ಯಾವುದಕ್ಕೆ ಹೆದರಬೇಕು?

ಹೆಂಡತಿ ಗರ್ಭಿಣಿ, ಬಾಡಿಗೆ ಮನೆ ಹುಡುಕುತ್ತಿದ್ದೀರಿ, ಕಲುಷಿತ ಜಾಗಗಳನ್ನು ತೋರಿಸುವ ರಾಜ್ಯ ಸರ್ಕಾರದ ಮ್ಯಾಪ್ ಜಿಯೋಟ್ರ್ಯಾಕರ್ ತೆರೆದರೆ ಸುತ್ತಲೂ ಚುಕ್ಕೆಗಳೇ ಅಂತ ಬರೆದಿದ್ದೀರಿ. ನಾನೂ ಇದೇ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಹುಡುಕಿದವನು, ನಿಮ್ಮ ಗಾಬರಿ ಅರ್ಥವಾಗುತ್ತದೆ.

ಮೊದಲು ಚುಕ್ಕೆ ಎಣಿಸುವುದನ್ನು ಬಿಡಿ. ಅವುಗಳಲ್ಲಿ ಎಷ್ಟೋ ಹಳೇ ಪೆಟ್ರೋಲ್ ಬಂಕ್‌ಗಳದ್ದು, ನೆಲದಡಿಯ ಟ್ಯಾಂಕ್ ಸೋರಿದ ಕೇಸುಗಳು. ಒತ್ತಿದಾಗ ‘ಕಂಪ್ಲೀಟೆಡ್, ಕೇಸ್ ಕ್ಲೋಸ್ಡ್’ ಅಂತ ಬಂದರೆ ಅವನ್ನು ಸದ್ಯಕ್ಕೆ ಬದಿಗಿಡಿ. ‘ಓಪನ್’ ಅಂತಿದ್ದು, ಟಿಸಿಇ ಅನ್ನುವ ಹೆಸರು ಕಂಡರೆ ಅಲ್ಲಿ ನಿಲ್ಲಿ.

ಟಿಸಿಇ ಅಂದರೆ ಟ್ರೈಕ್ಲೋರೋಎಥಿಲೀನ್. ಚಿಪ್ ಫ್ಯಾಕ್ಟರಿಗಳಲ್ಲಿ ಜಿಡ್ಡು ತೆಗೆಯಲು ಬಳಸುತ್ತಿದ್ದ ದ್ರವ. ನೀರಿಗಿಂತ ಭಾರ, ಸೋರಿದರೆ ಆಳಕ್ಕಿಳಿದು ದಶಕಗಟ್ಟಲೆ ಕೂರುತ್ತದೆ. ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ 23 ಸೂಪರ್‌ಫಂಡ್ ಜಾಗಗಳಿವೆ (ಸ್ವಚ್ಛ ಮಾಡಲೇಬೇಕು ಅಂತ ಫೆಡರಲ್ ಸರ್ಕಾರ ಪಟ್ಟಿ ಮಾಡಿದ ತೀರಾ ಕಲುಷಿತ ಜಾಗಗಳು), ಅಮೆರಿಕದ ಬೇರೆ ಯಾವ ಕೌಂಟಿಯಲ್ಲೂ ಇಷ್ಟಿಲ್ಲ. ಹೆಚ್ಚಿನವು ಚಿಪ್ ಉದ್ಯಮದ ಕಾಲದವು.

ಈಗ ಮುಖ್ಯ ವಿಷಯ. ಚುಕ್ಕೆ ಇರೋದು ಫ್ಯಾಕ್ಟರಿಯ ವಿಳಾಸದ ಮೇಲೆ. ವಿಷ ಅಲ್ಲೇ ನಿಂತಿರುವುದಿಲ್ಲ, ಅಂತರ್ಜಲದ ಜೊತೆ ಹರಿಯುತ್ತದೆ. ನಮ್ಮ ಕಡೆ ಆ ನೀರು ಹೆಚ್ಚಾಗಿ ಉತ್ತರಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಡೆ ಹೋಗುತ್ತದೆ. ಹಾಗಾಗಿ ಚುಕ್ಕೆಯ ದಕ್ಷಿಣಕ್ಕೆ ಪಕ್ಕದ ಬೀದಿಯಲ್ಲಿರುವ ಮನೆಗಿಂತ, ಉತ್ತರಕ್ಕೆ ಅರ್ಧ ಮೈಲಿ ದೂರದ ಮನೆಯ ಅಡಿಯಲ್ಲೇ ಅದು ಜಾಸ್ತಿ ಇರಬಹುದು. ನಿಮ್ಮ ಸನ್ನಿವೇಲ್‌ನಲ್ಲೇ ‘ಟ್ರಿಪಲ್ ಸೈಟ್’ ಇದೆ. ಎಎಂಡಿ, ಸಿಗ್ನೆಟಿಕ್ಸ್, ಟಿಆರ್‌ಡಬ್ಲ್ಯೂ ಅನ್ನುವ ಮೂರು ಕಂಪನಿಗಳ ಜಾಗಗಳಿಂದ ಸೋರಿದ್ದೆಲ್ಲ ಒಂದಾಗಿ ಉತ್ತರಕ್ಕೆ ಹರಡಿ ಮನೆ, ಶಾಲೆಗಳ ಕೆಳಗೆ ಹೋಗಿದೆ.

ಆದ್ದರಿಂದ ಚುಕ್ಕೆ ಒತ್ತಿ, ‘ಸೈಟ್ ಮ್ಯಾಪ್ಸ್, ಡಾಕ್ಯುಮೆಂಟ್ಸ್’ ಟ್ಯಾಬ್‌ಗೆ ಹೋಗಿ ತೀರಾ ಇತ್ತೀಚಿನ ಅಂತರ್ಜಲ ಮಾನಿಟರಿಂಗ್ ರಿಪೋರ್ಟ್ ತೆಗೆಯಿರಿ. ನೂರಾರು ಪುಟ ಇರುತ್ತದೆ, ಓದಬೇಕಿಲ್ಲ. ನೇರ ಕೊನೆಯ ನಕ್ಷೆಗಳಿಗೆ ಹೋಗಿ. ಬೀದಿಗಳ ಮೇಲೆ ಒಂದರೊಳಗೊಂದು ಗೆರೆಗಳ ಸುತ್ತು, ಪ್ರತಿ ಗೆರೆಗೂ ಅಲ್ಲಿನ ನೀರಿನಲ್ಲಿ ಟಿಸಿಇ ಎಷ್ಟಿದೆ ಅನ್ನುವ ಸಂಖ್ಯೆ, ಪಕ್ಕದಲ್ಲಿ ನೀರು ಹರಿಯುವ ದಿಕ್ಕಿನ ಬಾಣ. 5 ಅಂತಿರುವ ಗೆರೆ ಹುಡುಕಿ. ಲೀಟರಿಗೆ 5 ಮೈಕ್ರೋಗ್ರಾಂ ಅನ್ನೋದು ಕುಡಿಯುವ ನೀರಿನಲ್ಲಿ ಟಿಸಿಇಗೆ ಇರುವ ಮಿತಿ. ನಿಮ್ಮ ಬೀದಿ ಆ ಗೆರೆಯ ಒಳಗೋ ಹೊರಗೋ ನೋಡಿ.

ಒಳಗಿದ್ದರೂ ನಲ್ಲಿ ನೀರಿಗೆ ಹೆದರಬೇಡಿ, ಅದು ಪರೀಕ್ಷೆಯಾಗಿಯೇ ಮನೆಗೆ ಬರುತ್ತದೆ. ಚಿಂತೆ ಇರೋದು ಗಾಳಿಯದು. ಟಿಸಿಇ ಆವಿಯಾಗಿ ಮೇಲೆದ್ದು ನೆಲದ ಬಿರುಕು, ಪೈಪಿನ ಸಂದುಗಳಿಂದ ಮನೆಯೊಳಗೆ ಬರಬಹುದು. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಹೃದಯ ಬೆಳೆಯುವಾಗ ಸ್ವಲ್ಪ ದಿನ ಇದನ್ನು ಉಸಿರಾಡಿದರೂ ತೊಂದರೆ ಆಗಬಹುದು ಅನ್ನುವುದೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಯ ಕಾಳಜಿ. ಹಾಗಾಗಿ ಮನೆ ಮಾಲೀಕರನ್ನು ಎರಡು ಮಾತು ಕೇಳಿ: ಒಳಗಿನ ಗಾಳಿ ಪರೀಕ್ಷೆ ಆಗಿದೆಯಾ? ನೆಲದಡಿಯ ಆವಿಯನ್ನು ಹೊರಗೆಳೆಯುವ ಪೈಪು, ಫ್ಯಾನ್ ಹಾಕಿದ್ದಾರಾ? ಸೂಪರ್‌ಫಂಡ್ ಜಾಗವಾದರೆ ಇಪಿಎ ಪುಟದಲ್ಲಿ ಆ ಜಾಗ ನೋಡಿಕೊಳ್ಳುವವರ ಸಂಪರ್ಕ ಇರುತ್ತದೆ, ವಿಳಾಸ ಕೊಟ್ಟು ಅವರಿಗೂ ಬರೆಯಿರಿ.

ಕಲುಷಿತ ಜಾಗಗಳನ್ನು ತೋರಿಸುವ ರಾಜ್ಯದ ಇನ್ನೊಂದು ಮ್ಯಾಪ್ ಎನ್ವಿರೋಸ್ಟೋರನ್ನೂ ಒಮ್ಮೆ ನೋಡಿ. ಕೆಲಸ ಮುಗಿದಿದೆ ಅಂತ ಬರೆದ ಜಾಗಕ್ಕೂ ‘ಲ್ಯಾಂಡ್ ಯೂಸ್ ರಿಸ್ಟ್ರಿಕ್ಷನ್’, ಅಂದರೆ ಆ ಜಾಗದ ಬಳಕೆಗೆ ನಿರ್ಬಂಧ, ಇದ್ದರೆ, ಮಣ್ಣಿನಲ್ಲೋ ನೀರಲ್ಲೋ ಇನ್ನೂ ಏನೋ ಉಳಿದಿದೆ ಅಂತ ಅರ್ಥ.

ನಿಮ್ಮ ಜಾಗದಲ್ಲಿ ನಾನಿದ್ದರೆ, ಆ ಗೆರೆಯೊಳಗೆ ಗಾಳಿ ಪರೀಕ್ಷೆಯ ಫಲಿತಾಂಶ ತೋರಿಸದ ಗ್ರೌಂಡ್ ಫ್ಲೋರ್ ಮನೆಯನ್ನು ಈಗಂತೂ ಹಿಡಿಯುವುದಿಲ್ಲ.