ಶುಂಠಿ ಕೊಳೆಗೆ ಸೂಡೋಮೊನಾಸ್ ಯಾಕೆ ಕೈಕೊಟ್ಟಿತು?

ಸೂಡೋಮೊನಾಸ್ ಅನ್ನುವ ಉಪಕಾರಿ ಬ್ಯಾಕ್ಟೀರಿಯಾದ ಪುಡಿ ಹಾಕಿ ಎರಡೇ ದಿನಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ತಾಮ್ರದ ಔಷಧಿ ಸುರಿದೆ, ಆದರೂ ಶುಂಠಿ ಕೊಳೆ ನಿಲ್ಲಲಿಲ್ಲ ಅಂದಿದ್ದೀರಿ. ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ ಅಲ್ವಾ? ದುಡ್ಡು ಕೊಟ್ಟು ತಂದದ್ದನ್ನು ನೀವೇ ಸಾಯಿಸಿದ ಹಾಗಾಯಿತು. ಎರಡರ ನಡುವೆ ಎರಡು ವಾರವಾದರೂ ಬಿಡಿ.

ಇನ್ನು ಕಿಣ್ವದ ಪ್ರಶ್ನೆ. ಸೂಡೋಮೊನಾಸ್ ಕೈಟಿನೇಸ್ ಅನ್ನುವ ಕಿಣ್ವ ಬಿಟ್ಟು ಶಿಲೀಂಧ್ರ ಕೊಲ್ಲುತ್ತದೆ ಅಂತ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಫ್ಯುಸೇರಿಯಂನಂಥ ಶಿಲೀಂಧ್ರದ ಕೋಶದ ಗೋಡೆಯಲ್ಲಿ ಕೈಟಿನ್ ಅನ್ನುವ ಗಟ್ಟಿ ವಸ್ತು ಇದೆ, ಅದನ್ನು ಈ ಕಿಣ್ವ ಕರಗಿಸುತ್ತದೆ. ಆದರೆ ಶುಂಠಿಯ ಮೆತ್ತನೆ ಕೊಳೆ ತರುವ ಪಿಥಿಯಂ ಅನ್ನುವ ರೋಗಾಣುವಿನ ಗೋಡೆ ಬಹುಪಾಲು ಗ್ಲುಕಾನ್ ಮತ್ತು ಸೆಲ್ಯುಲೋಸ್. ಅಲ್ಲಿ ಕೆಲಸಕ್ಕೆ ಬರುವುದು ಗ್ಲುಕಾನ್ ಕರಗಿಸುವ ಗ್ಲುಕನೇಸ್ ಕಿಣ್ವ. ಜೊತೆಗೆ ಸೂಡೋಮೊನಾಸ್ ಬೇರಿನ ಸುತ್ತಲಿನ ಕಬ್ಬಿಣಾಂಶವನ್ನು ತಾನೇ ಕಬಳಿಸಿ ರೋಗಾಣುವನ್ನು ಉಪವಾಸ ಕೆಡವುತ್ತದೆ. ಅದಕ್ಕೆ ಬಳಸುವ ಹಳದಿ-ಹಸಿರು ವಸ್ತು ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ, ಸೂಡೋಮೊನಾಸ್ ಫ್ಲೋರೆಸೆನ್ಸ್ ಅನ್ನುವ ಪೂರ್ತಿ ಹೆಸರು ಬಂದದ್ದೇ ಹಾಗೆ.

ಪೊಟ್ಟಣದ ತಾರೀಖು ನೋಡಿದಿರಾ? ಬ್ಯಾಸಿಲಸ್ ಸಬ್ಟಿಲಿಸ್ ಅನ್ನುವ ಇನ್ನೊಂದು ಉಪಕಾರಿ ಬ್ಯಾಕ್ಟೀರಿಯಾ ಗಟ್ಟಿ ಬೀಜಕ (ಸ್ಪೋರ್) ಕಟ್ಟಿಕೊಂಡು ಬಹಳ ದಿನ ಬದುಕುತ್ತದೆ. ಸೂಡೋಮೊನಾಸ್‌ಗೆ ಆ ಶಕ್ತಿ ಇಲ್ಲ. ಬಿಸಿಲು ಬೀಳುವ ಶೆಡ್ಡಿನಲ್ಲಿಟ್ಟರೆ ಸುಮ್ನೆ ಪುಡಿ ಅಷ್ಟೇ.

ಈಗಾಗಲೇ ಕೊಳೆತ ಬುಡ ಮಾತ್ರ ಉಳಿಯುವುದಿಲ್ಲ. ಮಣ್ಣು ಸಮೇತ ಕಿತ್ತು ಹೊರಗೆ ಹಾಕಿ. ನೀರು ನಿಲ್ಲುವ ಕಡೆ ಮೊದಲು ಕಾಲುವೆ ತೆಗೆಯಿರಿ. ಮುಂದಿನ ಸಲ ನಾಟಿಗೆ ಮೊದಲೇ ಸೂಡೋಮೊನಾಸ್ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿಟ್ಟು, ತೇವ ಇರುವಾಗ ಕೊಡಿ.