ಎಡ ತಿರುವಿನಲ್ಲಿ ಮಾತ್ರ ಉಜ್ಜುತ್ತದೆ, ಬೈಕಿನ ಹಿಂಭಾಗ ಎತ್ತರಿಸಲೇ?

ಪ್ರಶ್ನೆ: ನನ್ನದು ಐದು ವರ್ಷ ಹಳೆಯ ಇಂಟರ್‌ಸೆಪ್ಟರ್ 650. ಊರು ಮೂಡಿಗೆರೆ ಕಡೆ. ವಾರಕ್ಕೊಮ್ಮೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಿಬರುತ್ತೇನೆ. ಹೆಚ್ಚಾಗಿ ಹೆಂಡತಿಯೂ ಜೊತೆಗಿರುತ್ತಾಳೆ, ಎರಡು ಸೈಡ್ ಬ್ಯಾಗೂ ಇರುತ್ತವೆ. ಎಡಕ್ಕೆ ತಿರುಗುವಾಗ ಕೆಳಗೆ ಏನೋ ರಸ್ತೆಗೆ ಉಜ್ಜಿ ಕರ್‌ರ್ ಅನ್ನುತ್ತದೆ. ಬಲಕ್ಕೆ ಈ ತೊಂದರೆ ಇಲ್ಲ. ಶಾಕ್‌ಗಳ ಕೆಳಗೆ ರೈಸರ್ ಪ್ಲೇಟ್ ಹಾಕಿ ಹಿಂದೆ ಒಂದೂವರೆ ಇಂಚು ಎತ್ತರಿಸೋಣ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಹಾಕಿಸಲೇ? ನನ್ನ ತೂಕ 84 ಕೆ.ಜಿ.

ಉತ್ತರ: ಬೇಡ. ರೈಸರ್ ಪ್ಲೇಟ್ ಅಂತೂ ಖಂಡಿತ ಬೇಡ.

ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಎಡಕ್ಕೆ ಮಾತ್ರ ಅಂದಿರಿ. ಬೈಕು ನಿಜಕ್ಕೂ ಕುಳ್ಳಗಿದ್ದರೆ ಎರಡೂ ಕಡೆ ಉಜ್ಜಬೇಕಿತ್ತು, ಅಲ್ವಾ? ಎಡಗಡೆ ಇರುವುದೇನು ನೋಡಿ. ಸೈಡ್ ಸ್ಟ್ಯಾಂಡ್ ಅಲ್ಲೇ. ಡಬಲ್ ಸ್ಟ್ಯಾಂಡ್ ಹಾಕಲು ಕಾಲಿಟ್ಟು ಒತ್ತುತ್ತೀರಲ್ಲ, ಆ ಕೊಕ್ಕೆಯೂ ಅಲ್ಲೇ. ಡಬಲ್ ಸ್ಟ್ಯಾಂಡ್ ಮೇಲೆ ಮಡಚಿಕೊಂಡಾಗ ಒಂದು ರಬ್ಬರ್ ಬುಗುಟಿಗೆ ಒರಗಿ ನಿಲ್ಲುತ್ತದೆ. ಐದು ವರ್ಷದಲ್ಲಿ ಆ ರಬ್ಬರ್ ಸವೆದಿರುತ್ತದೆ, ಇಲ್ಲವೇ ಎಲ್ಲೋ ಬಿದ್ದುಹೋಗಿರುತ್ತದೆ. ಸ್ಪ್ರಿಂಗೂ ಸಡಿಲವಾಗಿರುತ್ತದೆ. ಆಗ ಸ್ಟ್ಯಾಂಡ್ ಒಂದು ಬೆರಳಿನಷ್ಟು ಜೋತುಬೀಳುತ್ತದೆ. ನೇರ ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ವಾಲಿದಾಗ ಗೊತ್ತಾಗುತ್ತದೆ.

ಊಹೆ ಬೇಡ, ಪರೀಕ್ಷೆ ಮಾಡಿ. ಸೈಡ್ ಸ್ಟ್ಯಾಂಡಿನ ಪಾದ, ಡಬಲ್ ಸ್ಟ್ಯಾಂಡಿನ ಕೊಕ್ಕೆ, ಫುಟ್‌ರೆಸ್ಟಿನ ತುದಿ, ಸೈಲೆನ್ಸರಿನ ಕೆಳಹೊಟ್ಟೆ, ಇಷ್ಟಕ್ಕೂ ಮನೆಯಲ್ಲಿರುವ ನೇಲ್ ಪಾಲಿಶ್ ಬಳಿಯಿರಿ. ಮಾಮೂಲಿ ವೇಗದಲ್ಲಿ ಒಂದು ಸಲ ಘಾಟಿಗೆ ಹೋಗಿಬನ್ನಿ. ಬಣ್ಣ ಎಲ್ಲಿ ಕಿತ್ತಿದೆಯೋ ಅದೇ ಅಪರಾಧಿ. ಇದು ಯಾಕೆ ಮುಖ್ಯ ಅಂದರೆ, ಫುಟ್‌ರೆಸ್ಟ್ ಉಜ್ಜಿದರೆ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಸ್ಟ್ಯಾಂಡಿನ ಕಬ್ಬಿಣ ಹಾಗಲ್ಲ, ಅದು ಮಣಿಯುವುದಿಲ್ಲ. ಬೈಕನ್ನೇ ಸನ್ನೆಕೋಲಿನ ಹಾಗೆ ಎತ್ತಿ ಹಿಂದಿನ ಟೈರಿನ ಹಿಡಿತ ತಪ್ಪಿಸುತ್ತದೆ. ಆ ಕರ್‌ರ್ ಸದ್ದನ್ನು ಶೋಕಿ ಅಂದುಕೊಂಡು ಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನರ್ಧ ಉತ್ತರ ನಿಮ್ಮ ಹೆಂಡತಿ ಮತ್ತು ಬ್ಯಾಗುಗಳ ಲೆಕ್ಕದಲ್ಲಿದೆ. ನಿಮ್ಮ ಬೈಕಿಗೆ ಹಿಂದೆ ಎರಡು ಶಾಕ್, 88 ಮಿ.ಮೀ. ಓಡಾಟ. ಅಷ್ಟೇ ಇರೋದು. ಅದರಲ್ಲಿ ಎಷ್ಟನ್ನು ನೀವು ಕೂತ ತಕ್ಷಣವೇ ತಿಂದುಹಾಕುತ್ತೀರಿ ಅನ್ನುವುದಕ್ಕೆ ಸ್ಯಾಗ್ ಅನ್ನುತ್ತಾರೆ. ಕನ್ನಡದಲ್ಲಿ ಕುಸಿತ ಅನ್ನೋಣ. ಅಳೆಯಲು ಒಂದು ಟೇಪು, ಇಬ್ಬರು ಗೆಳೆಯರು ಸಾಕು. ಬೈಕನ್ನು ಡಬಲ್ ಸ್ಟ್ಯಾಂಡ್ ಮೇಲೆ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿರಲಿ. ಚಕ್ರದ ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಅಂಚಿಗೆ ಅಳೆದು ಬರೆದಿಡಿ. ಆಮೇಲೆ ಸ್ಟ್ಯಾಂಡ್ ಇಳಿಸಿ. ಹೆಲ್ಮೆಟ್, ಜಾಕೆಟ್ ಸಮೇತ ನೀವು ಕೂರಿ, ಒಬ್ಬರು ಮುಂದೆ ಹಿಡಿದುಕೊಳ್ಳಲಿ, ಇನ್ನೊಬ್ಬರು ಅಳೆಯಲಿ. ನಂತರ ಹೆಂಡತಿಯನ್ನೂ ಕೂರಿಸಿ, ಬ್ಯಾಗ್ ತುಂಬಿ, ಮತ್ತೆ ಅಳೆಯಿರಿ.

ಒಬ್ಬರೇ ಕೂತಾಗ ಕುಸಿತ ಒಟ್ಟು ಓಡಾಟದ ಮೂರನೇ ಒಂದು ಭಾಗದ ಆಸುಪಾಸು, ಅಂದರೆ 25ರಿಂದ 30 ಮಿ.ಮೀ. ಇದ್ದರೆ ಸರಿ. ಇಬ್ಬರು ಕೂತಾಗ 50 ದಾಟಿದರೆ ನಿಮ್ಮ ಬೈಕು ಕುಳ್ಳಗಿಲ್ಲ, ಕುಸಿದಿದೆ. ಅದು ಬೇರೆ, ಇದು ಬೇರೆ.

ಯಾಕೆ ತಿರುವಿನಲ್ಲೇ ತಾಗುತ್ತದೆ ಅಂದರೆ, ವಾಲಿದ ಬೈಕಿನ ಸ್ಪ್ರಿಂಗ್ ಮೇಲೆ ಭಾರ ಜಾಸ್ತಿಯಾಗುತ್ತದೆ. 40 ಡಿಗ್ರಿ ವಾಲಿದಾಗ ಸುಮಾರು 30 ಪರ್ಸೆಂಟ್ ಜಾಸ್ತಿ. 200 ಕೆ.ಜಿ. ಬೈಕು, ಮೇಲೆ ನೀವಿಬ್ಬರು, ಬ್ಯಾಗು, ಅದರ ಮೇಲೆ ಇನ್ನೂ ಅಷ್ಟು. ಮೊದಲೇ ಅರ್ಧಕ್ಕಿಂತ ಕೆಳಗೆ ಕೂತ ಸ್ಪ್ರಿಂಗು ಆಗ ಇನ್ನೂ ಇಳಿಯುತ್ತದೆ. ತಿರುವಿನ ನಡುವೆ ಒಂದು ಗುಂಡಿ ಸಿಕ್ಕರೆ ಮುಗಿಯಿತು.

ಹಾಗಾಗಿ ಮೊದಲ ಕೆಲಸ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಏರಿಸುವುದು. ಶಾಕಿನ ಕೆಳಗಿರುವ ಮೆಟ್ಟಿಲು ಮೆಟ್ಟಿಲಾದ ಕಾಲರನ್ನು ಟೂಲ್ ಕಿಟ್ಟಿನ ಕೊಕ್ಕೆ ಸ್ಪಾನರ್‌ನಿಂದ ತಿರುಗಿಸಿ. ಎರಡೂ ಕಡೆ ಒಂದೇ ಹಂತ ಇರಲಿ. ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ. ಸ್ಪ್ರಿಂಗ್ ಅದೇ, ಅದರ ಗಡಸುತನವೂ ಅದೇ. ಬೈಕಿನ ಹಿಂಭಾಗ ಮೇಲೆ ಬರುತ್ತದೆ, ಅಷ್ಟೇ. ಅಂದರೆ ನೀವು ದುಡ್ಡು ಕೊಟ್ಟು ಹಾಕಿಸಲು ಹೊರಟ ರೈಸರ್ ನಿಮ್ಮ ಬೈಕಿನಲ್ಲೇ ಇದೆ! ಕೊನೆಯ ಹಂತಕ್ಕೆ ಏರಿಸಿದ ಮೇಲೂ ಇಬ್ಬರು ಕೂತಾಗ 50 ದಾಟುತ್ತಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ನಿಮ್ಮ ಹೊರೆಗೆ ಮೆತ್ತಗಾಯಿತು. ಆಗ ಅದೇ ಉದ್ದದ, ಗಟ್ಟಿ ಸ್ಪ್ರಿಂಗಿನ ಒಳ್ಳೆಯ ಶಾಕ್ ಜೋಡಿ ಹಾಕಿಸಿ. ಉದ್ದ ಬದಲಿಸುವ ಮಾತು ಆಮೇಲೆ.

ಇನ್ನು ಒಂದೂವರೆ ಇಂಚಿನ ಲೆಕ್ಕ. ಶಾಕ್ ಆಕ್ಸಲ್‌ಗಿಂತ ತುಸು ಮುಂದೆ ಇರುವುದರಿಂದ ಚಕ್ರದಲ್ಲಿ ಅದು 40 ಮಿ.ಮೀ. ದಾಟುತ್ತದೆ. ಬರೀ 40 ಅಂತಲೇ ಇಟ್ಟುಕೊಳ್ಳಿ. ಮಂಚದ ಒಂದು ತುದಿ ಎತ್ತಿದರೆ ಇನ್ನೊಂದು ತುದಿ ಏಳುವುದಿಲ್ಲ, ನಡುವೆ ಅರ್ಧ ಏಳುತ್ತದೆ. ಬೈಕಿಗೂ ಅದೇ ಲೆಕ್ಕ. ಚಕ್ರದಿಂದ ಚಕ್ರಕ್ಕೆ ಸುಮಾರು 1400 ಮಿ.ಮೀ. ಫುಟ್‌ರೆಸ್ಟ್ ಹೆಚ್ಚುಕಮ್ಮಿ ನಡುವೆ ಇರುವುದರಿಂದ ಅಲ್ಲಿ ಸಿಗುವುದು 20 ಮಿ.ಮೀ. ಆಸುಪಾಸು. ವಾಲುವ ಕೋನದಲ್ಲಿ ಅದು ಸುಮಾರು 2 ಡಿಗ್ರಿ.

ಹೋಲಿಸಿ ನೋಡಿ. 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು ಗಂಟೆಗೆ 30 ಕಿ.ಮೀ.ನಲ್ಲಿ ತಿರುಗಿಸಲು 25 ಡಿಗ್ರಿ ವಾಲಬೇಕು. 40ರಲ್ಲಿ 40 ಡಿಗ್ರಿ. ಅದನ್ನೇ 38ಕ್ಕೆ ಇಳಿಸಿದರೆ 37 ಡಿಗ್ರಿ ಸಾಕು. ಎರಡು ಕಿ.ಮೀ. ವೇಗ ಬಿಟ್ಟರೆ ರೈಸರ್‌ಗಿಂತ ಜಾಸ್ತಿ ಜಾಗ ಸಿಗುತ್ತದೆ, ಪುಕ್ಕಟೆ. ಮೈಯನ್ನು ಸ್ವಲ್ಪ ಒಳಗಡೆಗೆ ತಂದು ಕೂತರೆ ಇನ್ನೂ ಒಂದಿಷ್ಟು. ಹಿಂದೆ ಕೂತವರಿಗೂ ಒಳಗಡೆಯ ಭುಜದ ಮೇಲಿಂದ ರಸ್ತೆ ನೋಡಲು ಹೇಳಿ. ಹೆದರಿ ಹೊರಗಡೆಗೆ ವಾಲಿದರೆ ನೀವು ಬೈಕನ್ನು ಇನ್ನೂ ಜಾಸ್ತಿ ಮಲಗಿಸಬೇಕಾಗುತ್ತದೆ.

ಆ 2 ಡಿಗ್ರಿಗೆ ನೀವು ಕೊಡುವ ಬೆಲೆ ಏನು? ಹಿಂದೆ 40 ಮಿ.ಮೀ. ಎತ್ತಿದರೆ ಇಡೀ ಬೈಕು ಮುಂದಕ್ಕೆ ಒಂದೂವರೆ ಡಿಗ್ರಿಗಿಂತ ಜಾಸ್ತಿ ಬಾಗುತ್ತದೆ. ಮುಂದಿನ ಫೋರ್ಕಿನ ಇಳಿಜಾರು 24 ಡಿಗ್ರಿ ಇದ್ದದ್ದು 22 ಚಿಲ್ಲರೆಗೆ ಬರುತ್ತದೆ. ಹ್ಯಾಂಡಲನ್ನು ನೇರ ಹಿಡಿದಿಡುವ ಟ್ರೇಲ್ ಅನ್ನುವ ಅಳತೆ 106 ಮಿ.ಮೀ.ನಿಂದ ಸುಮಾರು 10 ಕಡಿಮೆಯಾಗುತ್ತದೆ. ತಿರುಗಿಸಲು ಹಗುರ ಅನ್ನಿಸುತ್ತದೆ, ನಿಜ. ಗ್ಯಾರೇಜಿನ ಮುಂದೆ ಒಂದು ಸುತ್ತು ಹೊಡೆದಾಗ ಸೂಪರ್ ಅನ್ನಿಸುತ್ತದೆ. ಹೆದ್ದಾರಿಯಲ್ಲಿ 100ರ ಮೇಲೆ ಹಂಪ್ ಹಾರಿದಾಗ ಹ್ಯಾಂಡಲ್ ನಡುಗುವುದೂ ಅದೇ ಕಾರಣಕ್ಕೆ. ಚಾರ್ಮಾಡಿ ಇಳಿಯುವಾಗ ಬ್ರೇಕ್ ಹಿಡಿದರೆ ಭಾರ ಮೊದಲೇ ಮುಂದೆ ಸುರಿದಿರುತ್ತದೆ. ಅಲ್ಲಿ ಹಿಂಭಾಗ ಎತ್ತಿದ ಬೈಕು ಇನ್ನೂ ಚಂಚಲ.

ರೈಸರ್ ಪ್ಲೇಟಿನ ಮೇಲೆ ನನಗೆ ಸ್ವಂತ ಸಿಟ್ಟೂ ಇದೆ. ಇಪ್ಪತ್ತರ ವಯಸ್ಸಿನಲ್ಲಿ ನಾನೂ ಹಾಕಿಸಿದ್ದೆ, ಎರಡು ಶಾಕಿನ ಹಳೆಯ ಬೈಕಿಗೆ. ಅಂದ ಚೆನ್ನಾಗಿ ಬಂತು. ಹಾಸನದ ದಾರಿಯಲ್ಲಿ ಟೀಗೆ ನಿಲ್ಲಿಸಿ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಧಡ್ ಅಂತ ಸದ್ದು. ಬೈಕು ಎತ್ತರವಾಯಿತು, ಸೈಡ್ ಸ್ಟ್ಯಾಂಡ್ ಉದ್ದವಾಗಿರಲಿಲ್ಲ. ಜಾಸ್ತಿ ವಾಲಿ ನಿಂತಿದ್ದದ್ದು ಮಲಗಿಬಿಟ್ಟಿತ್ತು. ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲ ಬಿಡುತ್ತಿರಲಿಲ್ಲ. ಮನೆಗೆ ಬಂದು ಚೈನ್ ಕವರ್ ಬಿಚ್ಚಿದರೆ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಮೇಲೆ ಚೈನು ಉಜ್ಜಿ ಹೊಳೆಯುವ ಗೆರೆ. ಸ್ವಿಂಗ್‌ಆರ್ಮ್ ಕೆಳಕ್ಕೆ ಬಾಗಿದರೆ ಚೈನಿನ ದಾರಿಯೂ ಬದಲಾಗುತ್ತದೆ, ಸಡಿಲವನ್ನು ಮತ್ತೆ ಹೊಂದಿಸಬೇಕು. ಆಗ ನನಗೆ ಯಾರೂ ಹೇಳಿರಲಿಲ್ಲ. ಪ್ಲೇಟ್ ಹಾಕಿದಲ್ಲಿ ಶಾಕಿನ ಬೋಲ್ಟ್ ನೇರ ಹೊರುತ್ತಿದ್ದ ಭಾರವನ್ನು ಈಗ ಒಂದು ಸಪೂರ ಪಟ್ಟಿ ತಿರುಚಿಕೊಂಡು ಹೊರುತ್ತದೆ. ನನ್ನದು ಎರಡನೇ ತಿಂಗಳಿಗೆ ಬಿರುಕು ಬಿಟ್ಟಿತು.

ಸ್ಟ್ಯಾಂಡಿನ ರಬ್ಬರ್ ಬದಲಾಯಿಸಿ, ಪ್ರೀಲೋಡ್ ಸರಿಮಾಡಿ, ಹೊಸ ಸ್ಪ್ರಿಂಗ್ ಹಾಕಿದ ಮೇಲೂ ತಾಗಿದರೆ ಆಗ 10 ಮಿ.ಮೀ. ಉದ್ದದ ಶಾಕ್ ಯೋಚಿಸಿ. ಅದಕ್ಕಿಂತ ಜಾಸ್ತಿ ನಾನು ಸೂಚಿಸುವುದಿಲ್ಲ. ಹಾಕಿಸಿದ ದಿನವೇ ಚೈನಿನ ಸಡಿಲ, ಹೆಡ್‌ಲೈಟಿನ ಮುಖ, ಸೈಡ್ ಸ್ಟ್ಯಾಂಡಿನ ಒರಗು ಮೂರನ್ನೂ ನೋಡಿ. ಘಾಟಿಯ ಮಂಜಿನಲ್ಲಿ ಲೈಟು ನಿಮ್ಮ ಮುಂದಿನ ಚಕ್ರದ ಬುಡಕ್ಕೇ ಬಿದ್ದರೆ ಕಷ್ಟ.

ಪ್ರಶ್ನೆ: ನನ್ನದು ಮೋನೋಶಾಕ್ ಬೈಕು, ಹಿಂದೆ ಒಂದೇ ಶಾಕ್. 10 ಮಿ.ಮೀ. ಉದ್ದದ ಶಾಕ್ ಸಿಗುತ್ತಿದೆ. ಹಿಂಭಾಗವೂ 10 ಮಿ.ಮೀ. ಏಳುತ್ತದೆ ತಾನೇ? (ದಾವಣಗೆರೆಯ ಓದುಗರು)

ಉತ್ತರ: ಇಲ್ಲ, ಇಲ್ಲೇ ಎಲ್ಲರೂ ಎಡವುವುದು. ಮೋನೋಶಾಕ್ ಸ್ವಿಂಗ್‌ಆರ್ಮಿನ ಬುಡದ ಹತ್ತಿರ ಕೂತಿರುತ್ತದೆ. ಶಾಕ್ ಒಂದು ಬೆರಳು ಸರಿದರೆ ಚಕ್ರ ಎರಡು, ಕೆಲವು ಬೈಕಿನಲ್ಲಿ ಮೂರು ಬೆರಳು ಸರಿಯುತ್ತದೆ. 10 ಹಾಕಿದರೆ 20ರಿಂದ 30 ಏಳಬಹುದು. ಕೊಳ್ಳುವ ಮೊದಲು ಅಳೆಯಿರಿ. ಹಿಂದಿನ ಚಕ್ರವನ್ನು ಗಾಳಿಯಲ್ಲಿ ನಿಲ್ಲಿಸಿ, ಶಾಕಿನ ಕೆಳ ಬೋಲ್ಟ್ ಬಿಚ್ಚಿ, ಚಕ್ರವನ್ನು ಕೈಯಲ್ಲಿ 30 ಮಿ.ಮೀ. ಎತ್ತಿ. ಬೋಲ್ಟಿನ ತೂತು ಎಷ್ಟು ಸರಿಯಿತು ನೋಡಿ. 12 ಸರಿದರೆ ನಿಮ್ಮ ಅನುಪಾತ ಎರಡೂವರೆ. ನಿಮಗೆ ಹಿಂದೆ 10 ಮಿ.ಮೀ. ಬೇಕಿದ್ದರೆ ಶಾಕ್ 4 ಮಿ.ಮೀ. ಉದ್ದ ಇದ್ದರೆ ಸಾಕು. ಅದಕ್ಕೆ ಹೊಸ ಶಾಕೇ ಬೇಕಿಲ್ಲ, ಮೇಲಿನ ಬ್ರಾಕೆಟಿನಲ್ಲಿ ವಾಷರ್ ಕೊಡಲು ಜಾಗ ಇರುವ ಬೈಕುಗಳಿವೆ. ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ.